ಕೇಳದೆ ಬರೆದ ಸಂಬಂಧ

ಮೇಘಾ, ಚಿರಂತ್, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಮೆರಿಕದ ವಾಲ್ನಟ್ ಕ್ರೀಕಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಇದು ಎರಡು ಸಾವಿರದ ಇಸವಿಯ ಮಾತು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನನಗೆ ಬಾಗಿಲ ಬಳಿಯ ಮೇಜು ಕೊಟ್ಟಿದ್ದರು. ನೋಡಲು ಬಂದವರ ಹೆಸರನ್ನೂ ರೋಗಿಗೆ ಅವರು ಏನಾಗಬೇಕು ಎಂಬುದನ್ನೂ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ.

ರೂತ್ ಎಂಬ ನಿವೃತ್ತ ಟೀಚರು ಹೃದಯದ ಕಾಯಿಲೆಯಿಂದ ಅಲ್ಲಿಗೆ ಬಂದರು. ಅವರನ್ನು ನೋಡಲು ಜೋನ್ ಎಂಬ ಹೆಂಗಸು ಬರ್ಕ್ಲಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರು. ಏನಾಗಬೇಕು ಎಂದು ಕೇಳಲು ನನಗೆ ನಾಚಿಕೆ. ನಮ್ಮ ಕಡೆ ಜೊತೆಯಲ್ಲಿ ಬಾಳುವ ಇಬ್ಬರು ಹೆಂಗಸರನ್ನು ಅಕ್ಕತಂಗಿ ಎಂದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ಸಿಸ್ಟರ್’ ಎಂದು ಬರೆದೆ.

ಮೂರನೇ ವಾರ ಕಾಯಿಲೆ ಹೆಚ್ಚಾಯಿತು. ಮನೆಯವರನ್ನು ಮಾತ್ರ ಒಳಗೆ ಬಿಡಬೇಕೆಂದು ಸೂಚನೆ ಬಂತು. ಬೇರೆ ರಾಜ್ಯದಿಂದ ಬಂದ ರೂತ್ ಅವರ ತಮ್ಮ ರಿಜಿಸ್ಟರು ನೋಡಿ, “ನಮ್ಮಪ್ಪನಿಗೆ ನಾವಿಬ್ಬರೇ ಮಕ್ಕಳು. ಇವಳ್ಯಾರು?” ಎಂದರು. ಸುಳ್ಳು ಹೇಳಿ ಬಂದವರೆಂದು ಜೋನ್ ಅವರನ್ನು ಹೊರಗೆ ಕೂರಿಸಿದರು. ಒಳಗೆ ರೂತ್ “ಜೋನ್, ಜೋನ್” ಎನ್ನುತ್ತಲೇ ಇದ್ದರು.

ಮುಖ್ಯ ನರ್ಸು ಶಾರದಾ ಹಾಸನದವರು. ಕೆಲಸ ಹೋದರೂ ಹೋಗಲಿ ಎಂದು ಅವರ ಮುಂದೆ ನಿಂತೆ.

“ಮೇಡಂ, ಆಯಮ್ಮ ಸುಳ್ಳು ಹೇಳ್ಲಿಲ್ಲ. ಕೇಳ್ದೆ ಬರ್ದೋಳು ನಾನು.”

“ಏನ್ ಜಯಮ್ಮೋರೆ, ನಿಮ್ ಮಂಡ್ಯದಲ್ಲಿ ಬಸ್ಸಲ್ಲಿ ಪಕ್ಕ ಕೂತೋರೆಲ್ಲ ಅಕ್ಕತಂಗೀರಾ? ಹೋಗಿ, ಈಗ್ಲಾದ್ರೂ ಕೇಳ್ಕೊಂಡ್ ಬನ್ನಿ!”

ಕೇಳಿದೆ. ತಾವಿಬ್ಬರೂ ಡೊಮೆಸ್ಟಿಕ್ ಪಾರ್ಟ್ನರ್, ಅಂದರೆ ಸಂಸಾರದ ಜೊತೆಗಾರರೆಂದು ರಾಜ್ಯ ಸರ್ಕಾರದಲ್ಲಿ ನೋಂದಾಯಿಸಿಕೊಂಡಿದ್ದೇವೆ ಎಂದರು ಜೋನ್. ಆ ಕಾನೂನು ಅದೇ ವರ್ಷ ಜಾರಿಗೆ ಬಂದಿತ್ತು. ನೋಂದಣಿಯ ಪತ್ರ ಮಾತ್ರ ಬರ್ಕ್ಲಿಯ ಮನೆಯ ಬೀರುವಿನಲ್ಲಿತ್ತು.

“ನಾನು ಹೋದಾಗ ಅವಳಿಗೇನಾದರೂ ಆದರೆ?” ಎಂದರು.

ಅವರು ಹೋಗಿ ಬರುವವರೆಗೆ, ಶಾರದಾ ಅವರ ಅನುಮತಿ ಪಡೆದು, ನಾನು ರೂತ್ ಅವರ ಕೈ ಹಿಡಿದು ಕೂತೆ. ಎರಡು ಗಂಟೆ.

ಪತ್ರ ನೋಡಿದ ತಮ್ಮ, “ಇದೇನು ಮದುವೆಯೇ?” ಎಂದರು.

“ಮದುವೆಯಲ್ಲ. ನೋಡಲು ಬಿಡುವುದಕ್ಕೆ ಇದು ಸಾಕು,” ಎಂದು ಶಾರದಾ ಬಾಗಿಲು ತೆರೆದರು.

ಜೋನ್ ಅವರದೂ ಒಂದು ತಪ್ಪು ತಿಳಿವಳಿಕೆಯಿತ್ತು. ಆ ಪತ್ರವಿದ್ದರೆ ಗಂಡಹೆಂಡತಿಗಿರುವ ಹಕ್ಕೆಲ್ಲ ಬಂತೆಂದುಕೊಂಡಿದ್ದರು. ಆಗ ಹಾಗಿರಲಿಲ್ಲ. ಚಿಕಿತ್ಸೆಯ ತೀರ್ಮಾನ ಹೇಳಲು ಬೇರೆಯೇ ಅಧಿಕಾರಪತ್ರ ಬೇಕಿತ್ತು. ರೂತ್ ಅವರಿಗೆ ಬುದ್ಧಿ ಸ್ಪಷ್ಟವಾಗಿತ್ತು. ಮರುದಿನವೇ ಸಾಕ್ಷಿಗಳ ಮುಂದೆ ಅದಕ್ಕೆ ಸಹಿ ಹಾಕಿದರು. ಹನ್ನೊಂದು ದಿನದ ಮೇಲೆ ಅವರು ತೀರಿಕೊಂಡಾಗ ಜೋನ್ ಪಕ್ಕದಲ್ಲಿದ್ದರು. ತಮ್ಮನೂ ಇದ್ದರು, ಕುರ್ಚಿ ಜೋನ್ ಅವರಿಗೆ ಬಿಟ್ಟು ನಿಂತಿದ್ದರು.

ನನ್ನ ನಾಚಿಕೆಯಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಅದೇ ನಾಚಿಕೆ ಒಬ್ಬರನ್ನು ಬಾಗಿಲಾಚೆ ಕೂರಿಸಿತ್ತು. ಆಮೇಲೆ ಬಂದವರನ್ನೆಲ್ಲ ಕೇಳಿಯೇ, ಅವರು ಹೇಳಿದ್ದನ್ನೇ ಬರೆದೆ.

ಮಕ್ಕಳೇ, ನಾನು ಬರೆದ ಈ ಹಾಳೆಗಳನ್ನು ಜೋಪಾನ ಮಾಡಿ. ಬೀರುವಿನ ತಳದಲ್ಲಿ ಬೇಡ, ಬೇಕಾದಾಗ ಕೈಗೆ ಸಿಗುವ ಕಡೆ ಇಡಿ.