ಬರೆ ಬಿದ್ದ ಕೈಯ ರಕ್ತ

ಕಾಫಿ ಗಿಡ ಕಸಿ ಮಾಡುವ ಕತ್ತಿಯನ್ನು ಕೆಂಪಗೆ ಕಾಯಿಸಿ ದೊಡ್ಡಪ್ಪ ನನ್ನ ಮುಂಗೈಗೆ ಬರೆ ಎಳೆದರು. ಅಣ್ಣ ನನ್ನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲೂರಿದ್ದ. ಚರ್ಚಾಸ್ಪರ್ಧೆಗಳಲ್ಲಿ ಟ್ರೋಫಿ ಗೆದ್ದ ನನ್ನ ಬಾಯಿಂದ ಬರೀ ಕಿರುಚಾಟ ಬಂತು. ನನಗಿರುವುದು ವರ್ಷಗಳಿಂದ ಬಿಡದ ಹೆಪಟೈಟಿಸ್ ಬಿ. ಅವರ ಪಾಲಿಗೆ ಅದು ಕಾಮಾಲೆ, ಕಾಮಾಲೆಗೆ ಬರೆಯೇ ಮದ್ದು.

ಮೂರನೇ ದಿನ ಕಳಸದಿಂದ ಬಸ್ಸು ಹತ್ತಿ ಚಿಕ್ಕಮಗಳೂರಿನ ಡಾಕ್ಟರ ಬಳಿ ಹೋದೆ. ಈ ಕಾಯಿಲೆಯಲ್ಲಿ ಲಿವರನ್ನು ಹೆಚ್ಚಾಗಿ ಬಡಿಯುವುದು ವೈರಸ್ಸಿನ ಮೇಲೆ ನುಗ್ಗುವ ನಮ್ಮದೇ ರಕ್ಷಣಾ ಕಣಗಳು. ಅವು ಪರಸ್ಪರ ಸುದ್ದಿ ಕಳಿಸುವ ಪ್ರೋಟೀನುಗಳನ್ನು ರಕ್ತದಲ್ಲಿ ಅಳೆದು, ಒಳಗಿನ ಹೊಡೆದಾಟ ಎಷ್ಟು ಜೋರಿದೆಯೆಂದು ತಿಳಿಯುವ ಅವರ ಅಧ್ಯಯನಕ್ಕೆ ನಾನು ಮೊದಲೇ ಸೇರಿದ್ದೆ. ಕೀವಾದ ಕೈ ನೋಡಿ ಡಾಕ್ಟರು ರಕ್ತ ತೆಗೆಯುವ ಸೂಜಿ ಕೆಳಗಿಟ್ಟರು.

"ಸುಟ್ಟ ಗಾಯಕ್ಕೂ ಇವೇ ಪ್ರೋಟೀನು ಏರ್ತವೆ. ಈಗ ಅಳೆದ್ರೆ ಲಿವರ್ ಸುದ್ದಿ ಯಾವುದು, ಬರೆ ಸುದ್ದಿ ಯಾವುದು ಗೊತ್ತಾಗಲ್ಲ. ಮೊದ್ಲು ಗಾಯ ಮಾಗಲಿ."

ಮನೆಯಲ್ಲಿ ಇದನ್ನು ಹೇಳಿದಾಗ ದೊಡ್ಡಪ್ಪ ತೊಡೆ ತಟ್ಟಿದರು. "ಹಾಗಾದ್ರೆ ಬರೆ ರಕ್ತಕ್ಕೆ ಮುಟ್ಟಿದೆ ಅಂತ ನಿನ್ನ ಡಾಕ್ಟ್ರೇ ಒಪ್ಪಿದ್ರಲ್ಲ ಮಾರಾಯ! ಇನ್ನೊಂದು ಎಳೆದ್ರೆ ಸಾಕು."

"ಮುಟ್ಟಿದ್ದೇ ತಪ್ಪು ದೊಡ್ಡಪ್ಪ," ಎಂದೆ. ಅಷ್ಟರಲ್ಲಿ ಅವರು ಮತ್ತೆ ಕತ್ತಿ ಎತ್ತಿಕೊಂಡರು, ಅಣ್ಣ ನನ್ನ ತೋಳು ತಿರುಚಿದ. ಕೊಸರಾಟದಲ್ಲಿ ಗಾಯ ಹರಿದು ರಕ್ತ ಇಳಿಯಿತು. ಬಿಡಿಸಿಕೊಂಡು ಆ ಕೈಯನ್ನು ಅವನ ಮುಖದ ಮುಂದೆ ಹಿಡಿದೆ.

"ನಿನ್ನ ಬೆರಳಲ್ಲಿ ಗೀರು ಇದೆ. ಈ ರಕ್ತ ತಾಗಿದ್ರೆ ನಿಂಗೂ ಈ ಕಾಯಿಲೆ ಬರಬಹುದು. ಹಿಡ್ಕೋ ಬಾ!"

ಅಣ್ಣ ಬಾಗಿಲವರೆಗೆ ಹಿಂದೆ ಸರಿದ. ದೊಡ್ಡಪ್ಪ ಕತ್ತಿ ಕೆಳಗಿಟ್ಟರು. ನನ್ನ ವಾದಗಳಲ್ಲಿ ಆ ಮನೆ ಒಪ್ಪಿದ್ದು ಅದೊಂದನ್ನೇ.