ಸುಡದ ಹೂಬತ್ತಿ

ಸ್ವಲ್ಪ ತಾಳಿ, ನೀಲಾಂಜನದ ತುಪ್ಪ ಮುಗಿಯುವವರೆಗೆ ಕಾಯಲೇಬೇಕು. ಮಜಾ ಇರುವುದೇ ಆಮೇಲೆ!

ನನಗೆ ಕಲ್ಲುಗಳ ಹುಚ್ಚು. ಯಾರೂ ಕಲಿಸಿದ್ದಲ್ಲ, ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ ಫೋನಿನಲ್ಲಿ ಓದಿ ಓದಿ ಹತ್ತಿಸಿಕೊಂಡದ್ದು. ಕಳೆದ ಚಳಿಗಾಲದಲ್ಲಿ ಒಂದು ಮೇಳದಿಂದ ಓಕೆನೈಟ್ ತಂದೆ. ಕ್ಯಾಲ್ಸಿಯಂ, ಸಿಲಿಕಾ, ನೀರು ಸೇರಿ ಆಗುವ ಅಪರೂಪದ ಖನಿಜ. ಪುಣೆ ಕಡೆಯ ಹಳೇ ಲಾವಾ ಬಂಡೆಗಳ ಪೊಳ್ಳಿನೊಳಗೆ ಕೂದಲಿನಂಥ ಸೂಜಿಗಳಾಗಿ ಬೆಳೆದು ಉಂಡೆ ಕಟ್ಟುತ್ತದೆ. ನೋಡಲು ಥೇಟ್ ಹತ್ತಿ!

ಎಡವಟ್ಟಾದದ್ದೇ ಅಲ್ಲಿ. ಡಬ್ಬಿ ಬಿಚ್ಚಿದ ಕೂಡಲೇ, ಮಾತಿಗೊಮ್ಮೆ ಹಿಂದಿ ಬೆರೆಸುವ ನನ್ನ ತಂಗಿ ನಕ್ಕಳು.

“ಅಣ್ಣಾ, ಸ್ಟಾಲ್ ಭಯ್ಯಾ ನಿಂಗೆ ಟೋಪಿ ಹಾಕಿದಾನೆ. ಕಲ್ಲಿಗೆ ಕಾಟನ್ ಅಂಟ್ಸಿದಾನೆ, ಸಚ್ಚೀ!”

“ಇದು ಕಲ್ಲೇ ಕಣೇ!”

“ಅಚ್ಛಾ? ಹಾಗಾದ್ರೆ ಮುಟ್ಟಿ ತೋರ್ಸು.”

ಮುಟ್ಟುವಂತಿಲ್ಲವಲ್ಲ! ಬೆರಳು ತಾಗಿದರೆ ಸೂಜಿಗಳು ಬಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ಎದ್ದು ನಿಲ್ಲುವುದಿಲ್ಲ. ನನಗೂ ಅನುಮಾನ ಶುರುವಾಯಿತು. ಇದು ನಕಲಿಯಾದರೆ ನಾನು ಇಷ್ಟು ದಿನ ಕಲಿತದ್ದೆಲ್ಲ ಬರೀ ಬುರುಡೆ. ದಾರಿಯಲ್ಲಿ ಕಳಚಿಕೊಂಡಿದ್ದ ಒಂದು ಪುಟ್ಟ ಉಂಡೆಯನ್ನು ಬೆಳಿಗ್ಗೆ ಪರೀಕ್ಷಿಸೋಣವೆಂದು ಸ್ಟೀಲ್ ಬಟ್ಟಲಿಗೆ ಹಾಕಿ, ನಮ್ಮ ಮಯೂರ್ ವಿಹಾರ್ ಫ್ಲ್ಯಾಟಿನಲ್ಲಿ ಯಾರ ಕೈಯೂ ತಗುಲದ ಜಾಗ ಎಂದು ದೇವರ ಗೂಡಿನಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಅಮ್ಮನ ಕೂಗು.

“ಲೋ, ಬಾರೋ ಇಲ್ಲಿ! ಇದೆಂಥ ಹೂಬತ್ತಿನೋ? ತುಪ್ಪ ಮುಗೀತು, ದೀಪ ಆರ್ತು, ಬತ್ತಿ ಮಾತ್ರ ಹಾಗೇ ಕೂತಿದೆ!”

ಅಮ್ಮ ಅದನ್ನು ತಾನೇ ಹೊಸೆದಿಟ್ಟ ಹೂಬತ್ತಿ ಎಂದುಕೊಂಡು, ತುಪ್ಪದಲ್ಲಿ ಅದ್ದಿ ನೀಲಾಂಜನದಲ್ಲಿಟ್ಟು ಹಚ್ಚಿಬಿಟ್ಟಿದ್ದಳು! ಓಡಿಹೋಗಿ ನೋಡಿದೆ. ಹತ್ತಿಯಾಗಿದ್ದರೆ ಬೂದಿಯಾಗಿರಬೇಕಿತ್ತು. ಇದಕ್ಕೆ ಮಸಿ ಹಿಡಿದಿತ್ತು, ಅಷ್ಟೇ. ಕಡ್ಡಿಯಿಂದ ಒತ್ತಿದೆ. ಬಿಸಿಗೆ ಒಳಗಿನ ನೀರು ಹೋಗಿತ್ತೇನೋ, ಗರಿಗರಿಯಾಗಿ ಪುಡಿಯಾಯಿತು.

“ಕಲ್ಲು! ಅಮ್ಮಾ, ಇದು ಕಲ್ಲು!” ನಾನು ಕುಣಿದೇ ಬಿಟ್ಟೆ.

“ಅಯ್ಯೋ ರಾಮ, ದೇವ್ರಿಗೆ ಕಲ್ಲಲ್ಲಿ ಆರತಿ ಮಾಡಿದ್ನೇನೋ!”

ತಂಗಿ ಸೋಲೊಪ್ಪಲಿಲ್ಲ. “ಚಲೋ, ಇನ್ಮೇಲೆ ಅಮ್ಮ ಬತ್ತಿ ಹೊಸೆಯೋದೇ ಬೇಡ. ಒಂದೇ ಬತ್ತಿ, ಲೈಫ್‌ಟೈಮ್ ಗ್ಯಾರಂಟಿ!”

ಉಳಿದ ಕಲ್ಲು ಈಗ ಗಾಜಿನ ಡಬ್ಬಿಯಲ್ಲಿ ಭದ್ರವಾಗಿದೆ. ಅಮ್ಮ ಮಾತ್ರ ದೀಪ ಹಚ್ಚುವ ಮುಂಚೆ ಇವತ್ತಿಗೂ ನನ್ನನ್ನು ಕೇಳುತ್ತಾಳೆ: “ಇದು ಹತ್ತಿ ತಾನೇ?”

ನಿಮ್ಮ ಮನೆಯಲ್ಲೂ ಯಾವುದಾದರೂ ಕಲ್ಲು ಹೀಗೆ ಎಲ್ಲರನ್ನೂ ಯಾಮಾರಿಸಿದ್ದುಂಟಾ? ಬರೆದು ಹೇಳಿ. ಅಮ್ಮನಿಗೂ ಓದಿ ಹೇಳಬೇಕು, ಪಾಪ, ತಾನೊಬ್ಬಳೇ ಮೋಸಹೋದೆ ಅಂದುಕೊಂಡಿದ್ದಾಳೆ.