ರಷ್ಯನ್ ಕೇರಿಯ ಬಚ್ಚಲುಮನೆ

ವುಲ್ವರ್‌ಹ್ಯಾಂಪ್ಟನ್ನಿನ ಹೊರವಲಯದಲ್ಲಿ, ನಮ್ಮ ಹೊಸ ಬಡಾವಣೆಯ ಬೆನ್ನಿಗೇ, ರಷ್ಯನ್ನರ ಒಂದು ಪುಟ್ಟ ವಸತಿ ಇತ್ತು. ಮಹಾಯುದ್ಧ ಮುಗಿದಾಗ ಊರಿಗೆ ಮರಳಲಾಗದವರನ್ನು ತಂದಿಳಿಸಿದ ಹಳೆಯ ಶಿಬಿರ ಅದು. ಸಾಲಾಗಿ ತಗ್ಗು ಮನೆಗಳು, ತಗಡಿನ ಗುಮ್ಮಟದ ಒಂದು ಚರ್ಚು, ಬಾಗಿಲ ಮುಂದೆ ಕೋಸಿನ ಪಾತಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಹೋದಾಗ ಅಲ್ಲಿ ಉಳಿದಿದ್ದವರು ಬರೀ ಮುದುಕ ಮುದುಕಿಯರು. ನಮ್ಮ ಕನ್ನಡದ ಡಾಕ್ಟರುಗಳ ಕುಟುಂಬಗಳು ಅದಕ್ಕೆ 'ರಷ್ಯನ್ ಕೇರಿ' ಎಂದು ಹೆಸರಿಟ್ಟಿದ್ದವು. 'ಕೇರಿ' ಎಂಬ ಪದವನ್ನು ವಿಮಾನ ಹತ್ತುವಾಗ ಮರೆಯದೆ ಕಟ್ಟಿಕೊಂಡು ಬಂದಿದ್ದರು, ಪುಣ್ಯಾತ್ಮರು. ಮುದುಕರು ಅರ್ಧ ಶತಮಾನದಿಂದ ಅಲ್ಲಿದ್ದರು. ನಮ್ಮ ಗೋಡೆಗಳ ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ಆ ವರ್ಷ ಆರು ತಿಂಗಳ ವೀಸಾದ ಮೇಲೆ ನಮ್ಮತ್ತೆ ಮೈಸೂರಿನಿಂದ ಬಂದರು. ಒಂದು ಸಂಜೆ ಗಾಳಿಗೆಂದು ಹೋದವರು ಸೆರಗಿನ ತುಂಬ ಸಬ್ಬಸಿಗೆ ಸೊಪ್ಪು ತಂದರು. ಕೇರಿಯ ಅಜ್ಜಿಯೊಬ್ಬಳ ಪಾತಿಯಲ್ಲಿ ಅದನ್ನು ಕಂಡು, ಬೇಲಿಯ ಆಚೆಯಿಂದಲೇ ಕೈಸನ್ನೆ ಮಾಡಿ ಕೇಳಿದ್ದರಂತೆ. ಅಕ್ಕಿರೊಟ್ಟಿ ಮಾಡಿ ಮರುದಿನ ಅವಳಿಗೂ ಕೊಟ್ಟು ಬಂದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು.

ಅಜ್ಜಿಯ ಹಿತ್ತಿಲಲ್ಲಿ ಒಂದು ಮರದ ಬಚ್ಚಲುಮನೆ ಇತ್ತು. ಅವಳ ತೀರಿಹೋದ ಗಂಡ ಕೈಯಾರೆ ಕಟ್ಟಿದ್ದು. ಪ್ರತಿ ಶನಿವಾರ ಒಲೆಗೆ ಸೌದೆ ಹಾಕಿ, ಕಲ್ಲು ಕಾಯಿಸಿ, ಅದರ ಮೇಲೆ ನೀರು ಚೆಲ್ಲಿದರೆ ಒಳಗೆಲ್ಲ ಹಬೆ. ಕೇರಿಯ ಮುದುಕಿಯರೆಲ್ಲ ಅಲ್ಲೇ ಮೀಯುವುದು. ನಮ್ಮ ಶವರಿನ ಕೆಳಗೆ ನಿಂತು ದಿನವೂ ಗೊಣಗುತ್ತಿದ್ದ ಅತ್ತೆ, ಹಳೆಯ ಸೀರೆ ಸುತ್ತಿಕೊಂಡು, ಸೀಗೆಪುಡಿಯ ಡಬ್ಬಿ ಹಿಡಿದು ಅಲ್ಲಿಗೆ ಹೊರಟರು. ಹಿಂದಿರುಗುವಾಗ ಮುಖ ಕೆಂಪಗೆ ಹೊಳೆಯುತ್ತಿತ್ತು.

"ನಮ್ಮ ಹಂಡೆ ಒಲೇನೇ ಕಣೆ, ಸ್ವಲ್ಪ ಜೋರು ಅಷ್ಟೇ. ಎಲೆ ಕಡ್ಡಿ ಕಟ್ಟಿ ಅದ್ರಲ್ಲಿ ಮಂಡಿಗೆ ಬಾರಿಸಿದ್ಲು ನೋಡು, ನೋವೇ ಗೊತ್ತಾಗ್ತಿಲ್ಲ," ಎಂದರು. ಆಮೇಲೆ ಒಂದು ಶನಿವಾರವನ್ನೂ ಅವರು ತಪ್ಪಿಸಲಿಲ್ಲ.

ನಮ್ಮ ಬಡಾವಣೆಯ ಮೂಲೆಮನೆಯಲ್ಲಿ ಒಬ್ಬ ಹಿರಿಯ ಸರ್ಜನ್ ಇದ್ದರು. ಆಸ್ಪತ್ರೆಯಲ್ಲಿ ನನ್ನ ಗಂಡನಿಗೆ ಮೇಲಿನವರು, ಹೊರಗೆ ಕನ್ನಡದವರಿಗೆಲ್ಲ ತಾವೇ ನೇಮಿಸಿಕೊಂಡ ಯಜಮಾನರು. ಬೇಸಿಗೆಯ ಪ್ರತಿ ಭಾನುವಾರ ಬಾರ್ಬೆಕ್ಯೂ ಹಚ್ಚಿ ಬೀದಿಗೆಲ್ಲ ಕೋಳಿಯ ಹೊಗೆ ಹಂಚುತ್ತಿದ್ದ ಈ ಮನುಷ್ಯನಿಗೆ ಶನಿವಾರದ ಸೌದೆ ಹೊಗೆ ತಡೆಯಲಾಗಲಿಲ್ಲ. ಬಚ್ಚಲುಮನೆ ಮುಚ್ಚಿಸಬೇಕೆಂದು ಕೌನ್ಸಿಲ್‌ಗೆ ದೂರು ಬರೆದು, ಮನೆಮನೆಗೂ ಸಹಿಗೆ ತಂದರು. ನಮ್ಮಲ್ಲಿಗೆ ಊಟದ ಹೊತ್ತಿಗೆ ಸರಿಯಾಗಿ ಬಂದು, ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಶುರು ಮಾಡಿದರು.

"ಏನ್ರೀ ಡಾಕ್ಟ್ರೇ, ಪೋಸ್ಟ್‌ಕೋಡ್‌ಗೆ ಒಂದು ಸ್ಟ್ಯಾಂಡರ್ಡ್ ಬೇಡ್ವಾ? ಆ ಜನಕ್ಕೆ ಕಲ್ಚರ್ ಅನ್ನೋದೇ ಇಲ್ಲ. ಎಲ್ಲಾ ಒಟ್ಟಿಗೆ ಸ್ನಾನ ಮಾಡ್ತಾವಂತೆ, ಛೀ."

ಹಾಗೆ ಸ್ನಾನ ಮಾಡುವವರಲ್ಲಿ ಒಬ್ಬರು ಅವರಿಗೆ ಮೊಸರು ಬಡಿಸುತ್ತ ನಿಂತಿದ್ದರು. ನಾನು ಗಂಡನ ಮುಖ ನೋಡಿದೆ. ಅವರು ಪೆನ್ನು ಹುಡುಕುತ್ತಿದ್ದರು.

"ಏನಪ್ಪಾ ಅದು?" ಎಂದು ಅತ್ತೆ ಇಂಗ್ಲಿಷಿನ ಆ ಕಾಗದ ತೋರಿಸಿ ಕೇಳಿದರು.

"ಏನೋ ಕೌನ್ಸಿಲ್‌ದು ಅಮ್ಮ," ಎಂದು ಇವರು ತಲೆ ತಗ್ಗಿಸಿಕೊಂಡೇ ಸಹಿ ಹಾಕಿದರು.

ಸರ್ಜನ್ ಹೋದ ಮೇಲೆ ಅಡುಗೆಮನೆಯಲ್ಲಿ ಇವರನ್ನು ತರಾಟೆಗೆ ತೆಗೆದುಕೊಂಡೆ. "ನಿಮ್ಮಮ್ಮ ವಾರ ಪೂರ್ತಿ ಕಾಯೋದು ಅದೊಂದಕ್ಕೇ. ಗೊತ್ತಿದ್ದೂ ಸಹಿ ಹಾಕಿದ್ರಲ್ಲ!"

"ಕನ್ಸಲ್ಟೆಂಟ್ ಪೋಸ್ಟ್‌ಗೆ ಅವರ ರೆಫರೆನ್ಸ್ ಬೇಕು ಕಣೆ. ಅಮ್ಮ ಇನ್ನೆಷ್ಟು ದಿನ ಇಲ್ಲಿರ್ತಾರೆ?"

ಥೂ ಎನಿಸಿತು. ಮೂಲೆಮನೆಯವನದು ಹುಟ್ಟುಗುಣ ಎಂದು ಬಿಡಬಹುದಿತ್ತು. ಇವರಿಗೆ ಎಲ್ಲ ಅರ್ಥವಾಗುತ್ತಿತ್ತು; ಅರ್ಥವಾಗಿಯೂ ಬೆನ್ನು ಬಗ್ಗಿಸಿದ್ದರು. ನನಗೆ ಹೇಸಿಗೆಯಾದದ್ದು ಅದಕ್ಕೇ.

ಶರತ್ಕಾಲದ ಎಲೆ ಉದುರುವ ಹೊತ್ತಿಗೆ ಕೌನ್ಸಿಲ್‌ನವರು ಬಂದು ಒಲೆ ಹಚ್ಚಕೂಡದೆಂದು ಹೇಳಿ ಹೋದರು. ಆ ಶನಿವಾರ ಅತ್ತೆ ಸೀಗೆಪುಡಿಯ ಡಬ್ಬಿಯನ್ನು ಹಾಗೇ ವಾಪಸು ತಂದರು. ಅಜ್ಜಿ ಬಚ್ಚಲುಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದಳಂತೆ.

"ಯಾರು ಮಾಡಿದ್ದೇ ಇದನ್ನ?" ಎಂದು ಕೇಳಿದರು.

ನಾನು ಮುಚ್ಚಿಡಲಿಲ್ಲ. ಸರ್ಜನ್ ಹೆಸರನ್ನೂ ಹೇಳಿದೆ, ಅತ್ತೆಯ ಮಗನ ಹೆಸರನ್ನೂ ಹೇಳಿದೆ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗನನ್ನು ಬೈಯಲಿಲ್ಲ, ರಂಪ ಮಾಡಲಿಲ್ಲ. ಇವರು ಅದನ್ನೇ ಕ್ಷಮೆ ಎಂದುಕೊಂಡು ಹಾಯಾಗಿ ಊಟ ಮಾಡಿಕೊಂಡಿದ್ದರು.

ನರಕಚತುರ್ದಶಿಯ ಬೆಳಿಗ್ಗೆ ಅತ್ತೆ ಎಣ್ಣೆ ಬೆಚ್ಚಗೆ ಮಾಡಿ, ಕುಂಕುಮವಿಟ್ಟು, ನಮ್ಮನ್ನೆಲ್ಲ ಕರೆದರು. ಮೊದಲು ಮೊಮ್ಮಗಳ ನೆತ್ತಿಗೆ ತಟ್ಟಿದರು. ಆಮೇಲೆ ನನಗೆ, ಕಿವಿಯ ಹಿಂದೆಲ್ಲ ತಿಕ್ಕಿ, ತಲೆ ಮೇಲೆ ಕೈಯಿಟ್ಟು ಹರಸಿದರು. ಇವರು ಅಂಗಿ ಬಿಚ್ಚಿ, ಪಂಚೆ ಉಟ್ಟು, ತಮ್ಮ ಸರದಿಗೆ ಸ್ಟೂಲಿನ ಮೇಲೆ ಬಂದು ಕುಳಿತರು. ಅತ್ತೆ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಸೀರೆಯ ಮೇಲೆ ಕೋಟು ಹಾಕಿಕೊಂಡರು.

"ಅಮ್ಮ, ನನಗೆ?"

"ನಿನಗೆ ಹಚ್ಚೋಕೆ ನಿಮ್ಮ ಸಾಹೇಬ್ರು ಇದ್ದಾರಲ್ಲಪ್ಪ. ಆ ಹೆಂಗಸಿಗೆ ಯಾರೂ ಇಲ್ಲ."

ಬಟ್ಟಲು ಹಿಡಿದು ಕೇರಿಯ ಕಡೆಗೆ ನಡೆದೇಬಿಟ್ಟರು. ವರ್ಷದ ಹಬ್ಬದ ದಿನ ತಾಯಿಯ ಕೈಯ ಎಣ್ಣೆ ನೆತ್ತಿಗೆ ಬೀಳದೆ ಇವರು ಬರಿಮೈಯಲ್ಲಿ ಕುಳಿತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ಚಳಿ ಆಗ್ತಿದೆ, ಹೀಟಿಂಗ್ ಆದ್ರೂ ಹಾಕೇ," ಎಂದರು.

ನಾನು ಹಾಕಲಿಲ್ಲ.